ದಂಡೆಗೆ ಬಂದ ಜಂಬಣ್ಣ

ಜಂಬಣ್ಣನ ಟೀ ಶರ್ಟಿನ ಬೆನ್ನ ಮೇಲೆ ‘ಸಂಸ್ಥಾಪಕ ಅಧ್ಯಕ್ಷರು’ ಎಂದು ಗೇಣುದ್ದದ ಅಕ್ಷರದಲ್ಲಿ ಅಚ್ಚಾಗಿತ್ತು. ಎದೆಯ ಮೂಲೆಯಲ್ಲಿ, ಹತ್ತಿರ ಹೋಗಿ ಬಗ್ಗಿದರೆ ಕಾಣುವಷ್ಟು ಸಣ್ಣದಾಗಿ, ‘ಜಲವೀರರ ಪಡೆ, ಗೊರೇಬಾಳ’. ಸಿಂಧನೂರಿನ ಪ್ರಿಂಟಿಂಗ್ ಅಂಗಡಿಯವನು, ಪಡೆಯ ಹೆಸರು ದೊಡ್ಡದಾಗಿ ಇರಬೇಕಲ್ಲವೇ ಎಂದು ಕೇಳಿದ್ದನಂತೆ. “ಪಡಿ ಹೆಸರು ಸುತ್ತ ಹತ್ತೂರಿಗೆ ಗೊತ್ತೈತಿ ತಮ್ಮಾ. ಅಧ್ಯಕ್ಷ ಯಾರನ್ನೋದೇ ಯಾರಿಗೂ ಗೊತ್ತಾಗವಲ್ದು” ಎಂದು ಜಂಬಣ್ಣ ತಿಳಿಹೇಳಿದ.

ಇದರಲ್ಲಿ ಒಂದೇ ತೊಡಕಿತ್ತು. ಕಾಲುವೆಗೆ ಹಾರುವ ಮುನ್ನ ಅಂಗಿ ಕಳಚಲೇಬೇಕು. ಹೀಗಾಗಿ ಅವನ ಕೈಹಿಡಿದು ಬದುಕಿ ಬಂದವರೆಲ್ಲ ಕಂಡದ್ದು ಬರಿಮೈಯ, ಪಟ್ಟಾಪಟ್ಟಿ ಚಡ್ಡಿಯ ಒಬ್ಬ ಗಂಡಸನ್ನು. ಅಧ್ಯಕ್ಷರ ದರ್ಶನವಾಗುತ್ತಿದ್ದದ್ದು ದಂಡೆಯ ಮೇಲೆ ನಿಂತು ನೋಡುವವರಿಗೆ ಮಾತ್ರ.

ಪಡೆ ಹುಟ್ಟಿದ್ದು ಇಪ್ಪತ್ತು ವರ್ಷದ ಹಿಂದೆ, ಒಂದು ಬ್ಯಾಂಡ್ ಸೆಟ್ಟಿನ ದೆಸೆಯಿಂದ. ಮದುವೆ ಮುಗಿಸಿ ಮಸ್ಕಿ ಕಡೆಗೆ ಹೊರಟಿದ್ದ ವಾದ್ಯದವರ ಟೆಂಪೋ ಗೊರೇಬಾಳದ ಸೇತುವೆಯಿಂದ ಕಾಲುವೆಗೆ ಜಾರಿತು. ಆಗ ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವರು ಜಂಬಣ್ಣ, ಅಂಬಪ್ಪ, ಬುಡ್ಡೇಸಾಬ್, ಈ ಮೂವರು. ಎಮ್ಮೆಯ ಬಾಲ ಹಿಡಿದೇ ಈಜು ಕಲಿತವರು. ಹಿಂದುಮುಂದು ನೋಡದೆ ಹಾರಿದರು. ಕ್ಲಾರ್ನೆಟ್ಟಿನವನನ್ನು ಅಂಬಪ್ಪ ಎಳೆದು ತಂದ, ಡ್ರೈವರನನ್ನು ಬುಡ್ಡೇಸಾಬ್ ತಂದ. ಜಂಬಣ್ಣ ನಾಲ್ವರನ್ನು ತಂದ. ಅದರಲ್ಲಿ ಒಬ್ಬ ಡೋಲಿನವನು. ಡೋಲನ್ನು ಅಪ್ಪಿಕೊಂಡು ತಾನಾಗಿಯೇ ತೇಲಿಕೊಂಡು ದಂಡೆಗೆ ಬಂದಿದ್ದ ಎಂದು ಬುಡ್ಡೇಸಾಬ್ ಇವತ್ತಿಗೂ ಸಾಧಿಸುತ್ತಾನೆ. ಜಂಬಣ್ಣನ ಪ್ರಕಾರ ಲೆಕ್ಕ ಲೆಕ್ಕವೇ.

ಆಮೇಲೆ ಕಾಲುವೆಗೆ ಏನು ಬಿದ್ದರೂ ಊರವರು ಈ ಮೂವರ ಮನೆ ಬಾಗಿಲು ಬಡಿಯತೊಡಗಿದರು. ಸಾಲಗುಂದದ ಟ್ರ್ಯಾಕ್ಟರು, ಬಳಗಾನೂರಿನ ಹೊಸ ಬೈಕು, ಹಗ್ಗ ಹರಿದುಕೊಂಡ ಎತ್ತು, ಗಂಡನ ಮೇಲೆ ಸಿಟ್ಟಾಗಿ ಹಾರಿ, ನೀರಿಗೆ ಬಿದ್ದ ಕೂಡಲೇ “ಯಪ್ಪಾ, ಉಳಸ್ರೀ” ಎಂದು ಕೂಗಿದ ಹೆಂಗಸು. ಈ ಕತೆಗಳನ್ನೆಲ್ಲ ಜಂಬಣ್ಣ ಚಹಾದಂಗಡಿಯಲ್ಲಿ ಕೈಕಾಲು ಆಡಿಸಿ ಹೇಳುತ್ತಿದ್ದ. ಹೇಳಿದಂತೆಲ್ಲ ಕಾಲುವೆ ಆಳವಾಗುತ್ತಿತ್ತು.

ಹೇಳದ ಕತೆಗಳೂ ಇದ್ದವು. ಜೀವ ಇಲ್ಲದವರನ್ನು ತಂದ ದಿನ ಅವನು ಚಹಾದಂಗಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನೇರ ಹಿತ್ತಲ ಬಾಗಿಲಿಗೆ ಬಂದು ಕಲ್ಲಿನ ಮೇಲೆ ಕೂರುತ್ತಿದ್ದ. ಹೆಂಡತಿ ಕಸ್ತೂರೆಮ್ಮ ಒಂದು ಮಾತೂ ಕೇಳದೆ ಹಂಡೆಯ ಬಿಸಿನೀರನ್ನು ತನ್ನ ತವರಿನ ಹಿತ್ತಾಳೆ ತಂಬಿಗೆಯಿಂದ ಅವನ ತಲೆಯ ಮೇಲೆ ಸುರಿಯುತ್ತಿದ್ದಳು. ಒಂದು, ಇನ್ನೊಂದು, ಮತ್ತೊಂದು. ಅವನು ಸಾಕು ಎನ್ನುವವರೆಗೆ. ಆ ತಂಬಿಗೆಯ ಅಂಚಿನಲ್ಲಿ ಒಂದು ಕಡೆ ನೆಗ್ಗಿತ್ತು. ಮಗಳು ಅಂಬೆಗಾಲಿಡುವಾಗ ಅದನ್ನು ಕಟ್ಟೆಯಿಂದ ಉರುಳಿಸಿದ್ದಳು. ಮಗಳು ಮದುವೆಯಾಗಿ ಸಾಲಗುಂದಕ್ಕೆ ಹೋದಳು, ನೆಗ್ಗು ಮನೆಯಲ್ಲೇ ಉಳಿಯಿತು.

ಕಸ್ತೂರೆಮ್ಮನಿಗೆ ನೀರೆಂದರೆ ಭಯ. ಮಸ್ಕಿ ಕಡೆಯ ಮಳೆಯಾಶ್ರಯದ ಊರಿನಿಂದ ಬಂದವಳು, ಕೊಡಕ್ಕಿಂತ ದೊಡ್ಡ ನೀರನ್ನು ಮದುವೆಗೆ ಮುಂಚೆ ಕಂಡವಳಲ್ಲ. ಗಂಡ ಕಾಲುವೆಯ ಅಧ್ಯಕ್ಷನಾದರೂ ಅವಳು ಒಂದು ದಿನವೂ ಅದರ ಮೆಟ್ಟಿಲಿಳಿದಿರಲಿಲ್ಲ. ಬಟ್ಟೆಯನ್ನೂ ಮನೆಯ ನಲ್ಲಿಯ ಕೆಳಗೇ ಒಗೆಯುತ್ತಿದ್ದಳು.

ಒಂದು ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಪಂಚಾಯಿತಿಯವರು ಮೂವರಿಗೂ ಹಾರ ಹಾಕಿ, “ಇವರು ನಮ್ಮೂರ ಸೂಪರ್ ಹೀರೋಗಳು” ಎಂದರು. ಜಂಬಣ್ಣನಿಗೆ ಆ ಪದ ನಾಲಿಗೆಯ ಮೇಲೆ ಬೆಲ್ಲದಂತೆ ಕೂತಿತು, ಅರ್ಥ ಮಾತ್ರ ಆಗಲಿಲ್ಲ. ಅಂಬಪ್ಪನ ಮೊಮ್ಮಗಳು ಶಿವಗಂಗಾಳನ್ನು ಕರೆದು ಕೇಳಿದ.

“ಅವರು ಚಡ್ಡಿನ ಪ್ಯಾಂಟಿನ ಮ್ಯಾಲೆ ಹಾಕ್ಕೊಂತಾರ ತಾತ, ಸಿನಿಮಾದಾಗ. ಲೋಕ ಉಳಸ್ತಾರ.”

“ನಾವು ಬರೇ ಚಡ್ಡ್ಯಾಗ ಉಳಸ್ತೀವಿ. ಅವರಿಗಿಂತ ನಾವ ಹೆಚ್ಚಾತಲ್ಲ?”

ಆ ವಾರವೇ ಟೀ ಶರ್ಟು ಅಚ್ಚಾದದ್ದು.

ವೀರರಿಗೆ ಒಂದು ಕಾಯಿದೆಯೂ ಬೇಕಲ್ಲ. ಅದನ್ನೂ ಜಂಬಣ್ಣನೇ ಮಾಡಿದ. ಪ್ರತಿ ವರ್ಷ ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟಾಗ ಊರ ಹೆಂಗಸರು ಗಂಗಮ್ಮನಿಗೆ ಉಡಿ ತುಂಬುತ್ತಾರೆ. ಅದು ಮುಗಿದ ಮೇಲೆ ಒಂದು ತಂಬಿಗೆಗೆ ಮರಳು ತುಂಬಿ, ಬಾಯಿಗೆ ಅರಿವೆ ಕಟ್ಟಿ, ಸೇತುವೆಯ ನಡುವಿನಿಂದ ನೀರಿಗೆ ಬಿಡಬೇಕು. ಪಡೆಯವರು ಒಬ್ಬೊಬ್ಬರಾಗಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೆಟ್ಟಿಲ ಕಡೆಯಿಂದ ಮುಳುಗಿ, ಒಂದೇ ಉಸಿರಿನಲ್ಲಿ ಅದನ್ನು ತರಬೇಕು. ತಂದವರು ಆ ವರ್ಷ ನೀರಿಗೆ ಇಳಿಯಬಹುದು. ತಾರದವರು ದಂಡೆಯ ಮೇಲೆ ಕೂತು ಹಗ್ಗ ಹಿಡಿಯಬೇಕು.

ಈ ಕಾಯಿದೆಗೆ ಮೊದಲು ಸಿಕ್ಕವನು ಅಂಬಪ್ಪ. ಮೊಣಕಾಲು ಊದಿತ್ತು, ನಡುನೀರಿಗೇ ಹೋಗಲಾಗಲಿಲ್ಲ, ಬರಿಗೈಯಲ್ಲಿ ಎದ್ದ. ಅವತ್ತು ಜಂಬಣ್ಣ ಎಲ್ಲರೆದುರಿಗೆ, “ಹೋಗಪಾ, ದಂಡಿ ಕಾಯೋ ದೊಡ್ಡ ಮನಿಷ್ಯಾ ಆದಿ. ಕುಂಡಿ ಬೆಚ್ಚಗ ಮಾಡ್ಕೊಂಡು ಕುಂದ್ರು” ಎಂದು ನಕ್ಕ. ಜನರೂ ನಕ್ಕರು. ಅಂಬಪ್ಪನೂ ನಕ್ಕ, ಆದರೆ ಹಲ್ಲು ಕಾಣಿಸಲಿಲ್ಲ. ಅವನ ಜಾಗಕ್ಕೆ ಒಂದೆರಡು ವರ್ಷದಲ್ಲಿ ಮೊಮ್ಮಗಳು ಶಿವಗಂಗಾ ಬಂದಳು. ಸಿಂಧನೂರಿನ ಕಾಲೇಜಿಗೆ ಹೋಗುವ ಹುಡುಗಿ. ಚೂಡಿದಾರದ ಮೇಲೆ ದುಪಟ್ಟಾ ಬಿಗಿದು ಹಾರಿದರೆ ನೀರು ಸೀಳುವ ಸದ್ದೂ ಕೇಳುತ್ತಿರಲಿಲ್ಲ.

ಹೋದ ವರ್ಷ ಬುಡ್ಡೇಸಾಬ್ ತಾನೇ ಸರಿದುಕೊಂಡ. “ಕಿವ್ಯಾಗ ನೀರು ಹೊಕ್ಕರ ವಾರಗಟ್ಟಲೆ ಏನೂ ಕೇಳಂಗಿಲ್ಲಪಾ. ಮನ್ಯಾಗ ಮೈಮುನಾ ಬೈತಾಳ, ನಾ ನಗತೀನಿ, ಮತ್ತ ಬೈತಾಳ” ಎಂದ. ಅವನ ಜಾಗಕ್ಕೆ ಮೊಮ್ಮಗ ಜಾಹೀದ್. ಆಟೋ ಓಡಿಸುವವನು, ತೋಳು ಮಾವಿನ ದಿಮ್ಮಿಯಂತೆ.

ಹೀಗೆ ಮೂಲ ಮೂವರಲ್ಲಿ ನೀರಿಗಿಳಿಯುವವನು ಜಂಬಣ್ಣ ಒಬ್ಬನೇ ಉಳಿದ. ತಾನು ಇರುವವರೆಗೆ ಅದು ಪಡೆ, ತಾನು ಹೋದ ಮೇಲೆ ಅದು ಇಬ್ಬರು ಹುಡುಗರ ಈಜಾಟ ಎಂಬುದು ಅವನ ಗಟ್ಟಿ ನಂಬಿಕೆ.

ಈ ಬೇಸಿಗೆಯಲ್ಲಿ ಕೆಮ್ಮು ಹತ್ತಿತು. ಊರಲ್ಲಿ ತೋರಿಸಿದರೆ ಸುದ್ದಿಯಾಗುತ್ತದೆಂದು ಯಾರಿಗೂ ಹೇಳದೆ ಬಸ್ಸು ಹತ್ತಿ ಲಿಂಗಸೂಗೂರಿಗೆ ಹೋದ. ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಉಸಿರು ಎಳೆಸಿದರು, ಬಿಡಿಸಿದರು. “ಬೀಡಿ ಸೇದಿದ್ದು ಸಾಕು. ಇನ್ನ ನೀರಾಗ ಉಸುರು ಕಟ್ಟಾಕ ಹೋಗಬ್ಯಾಡ್ರಿ, ಎದಿ ತಡಕಳಂಗಿಲ್ಲ” ಎಂದರು. ಜಂಬಣ್ಣ ತಲೆಯಾಡಿಸಿ, ಮಾತ್ರೆಯನ್ನು ಒಳಜೇಬಿಗಿಟ್ಟುಕೊಂಡು, ಏನೂ ಆಗದವನಂತೆ ಬಸ್ಸು ಹತ್ತಿದ. ಆ ದವಾಖಾನೆಯ ಕಂಪೌಂಡರು ಅಂಬಪ್ಪನ ಅಳಿಯ ಎಂಬುದು ಅವನಿಗೆ ನೆನಪಿರಲಿಲ್ಲ. ಬಸ್ಸು ಮಸ್ಕಿ ದಾಟುವ ಮೊದಲೇ ಫೋನು ಗೊರೇಬಾಳ ಮುಟ್ಟಿತ್ತು.

ಊರಲ್ಲಿ ಯಾರೂ ಅವನಿಗೆ ಏನೂ ಹೇಳಲಿಲ್ಲ. ಹೇಳುವುದು ಹೇಗೆ? ಇಳಿಯಬೇಡ ಎಂದರೆ ಎರಡು ಸಲ ಇಳಿಯುವ ಗಿರಾಕಿ. ಪರೀಕ್ಷೆಯಲ್ಲಿ ಸೋಲುತ್ತಾನೆಂಬುದು ಯಾರ ಹೆದರಿಕೆಯೂ ಆಗಿರಲಿಲ್ಲ. ಸೋಲಬಾರದೆಂದು ಉಸಿರು ಒಡೆಯುವವರೆಗೆ ಕೆಳಗೇ ಹುಡುಕುತ್ತ ಉಳಿದಾನು ಎಂಬುದೇ ಹೆದರಿಕೆ. ಜಂಬಣ್ಣನನ್ನು ಬಲ್ಲವರಿಗೆ ಆ ಹೆದರಿಕೆ ಸುಮ್ಮನೆ ಬಂದದ್ದಲ್ಲ.

ನೀರು ಬಂತು. ಉಡಿ ತುಂಬುವ ದಿನವೂ ಬಂತು. ಬೆಳಿಗ್ಗೆ ಜಂಬಣ್ಣ ಕನ್ನಡಿಯ ಮುಂದೆ ನಿಂತು ಟೀ ಶರ್ಟು ಹಾಕಿಕೊಂಡು, ಬೆನ್ನು ಕಾಣದ್ದಕ್ಕೆ ಕತ್ತು ತಿರುಚುತ್ತಿದ್ದಾಗ ಕಸ್ತೂರೆಮ್ಮ ಒಳಗೆ ಬಂದಳು. ಸೀರೆ ಮೊಣಕಾಲಿನವರೆಗೆ ತೊಯ್ದಿತ್ತು.

“ಏನಿದು, ಸೀರಿ ಹಸಿ?”

“ಅಂಗಳ ತೊಳದೀನಿ.”

ಅಂಗಳ ಒಣಗಿ ಧೂಳೆದ್ದಿತ್ತು. ಅಧ್ಯಕ್ಷರಿಗೆ ಅಂಗಳ ನೋಡುವಷ್ಟು ಪುರುಸೊತ್ತಿರಲಿಲ್ಲ.

“ಏನ್ರೀ,” ಅವಳೆಂದಳು. “ಮೆಟ್ಟಲ ಹಂತ್ಯಾಕ ಚಂದಂಗ ನೋಡ್ರಿ. ನೀರಿನ ಸೆಳವಿಗೆ ತಂಬಗಿ ದಂಡಿಗೆ ಸರದಿರತೈತಿ.”

“ಕಾಲುವಿ ಕಾಣದಾಕಿ ನನಗ ಸೆಳವು ಹೇಳಾಕ ಬಂದಾಳ ನೋಡು,” ಎಂದು ನಕ್ಕು ಹೊರಟ.

ದಾರಿಯಲ್ಲಿ ಬುಡ್ಡೇಸಾಬ್ ಸಿಕ್ಕ. “ಜಂಬಣ್ಣ ಭಾಯ್, ಈ ಸಲ ನಡೂಕ ಹೋಗಬ್ಯಾಡ. ಮೆಟ್ಲ ಬಾಜೂಕ ನೋಡು” ಎಂದ. ಸೇತುವೆಯ ಹತ್ತಿರ ಜಂಬಣ್ಣನ ಸೊಂಟಕ್ಕೆ ಹಗ್ಗ ಕಟ್ಟುತ್ತ ಅಂಬಪ್ಪನೂ ಗಂಟಿನ ಕಡೆಗೇ ನೋಡುತ್ತ ಗೊಣಗಿದ: “ಮೆಟ್ಟಲ ಬುಡಕ್ಕ ಕೈಯಾಡ್ಸಲೇ ಮೊದಲ.”

ಇವತ್ತು ಊರಿಗೆಲ್ಲ ಈಜುವ ಬುದ್ಧಿ ಬಂದುಬಿಟ್ಟಿದೆ ಎಂದುಕೊಂಡ ಜಂಬಣ್ಣ. ಆಗಲೇ ಕಳಚಿದ್ದ ಅಂಗಿಯನ್ನು ಅಕ್ಷರ ಮೇಲೆ ಕಾಣುವಂತೆ ಮಡಿಸಿ, ಕಲ್ಲಿನ ಮೇಲಿಟ್ಟ. ಜಾಹೀದ್ ಸೇತುವೆಯ ಮೇಲಿಂದ ಪಡೆಯ ತಂಬಿಗೆಯನ್ನು ನಡುನೀರಿಗೆ ಬಿಟ್ಟ. ಹಿರಿಯನೇ ಮೊದಲು ಇಳಿಯುವುದು ಪದ್ಧತಿ. ಜಂಬಣ್ಣ ಎದೆಯುಬ್ಬಿಸಿ ಉಸಿರು ಎಳೆದು, ಕೆಮ್ಮು ಬರುವ ಮೊದಲೇ ಮುಳುಗಿದ.

ಹೊಸ ನೀರು ಕೆಂಪು. ಅದರಲ್ಲಿ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಕೈಯೇ ಕಣ್ಣು. ನಡುವಿಗೆ ಕೈ ಬೀಸುತ್ತ ಹೊರಟವನಿಗೆ ಅರ್ಧ ದಾರಿಯಲ್ಲೇ ಎದೆಯೊಳಗೆ ಯಾರೋ ಮುಷ್ಟಿ ಹಿಡಿದಂತಾಯಿತು. ಇನ್ನೊಂದು ಬೀಸು ಎಂದುಕೊಂಡ. ಮುಷ್ಟಿ ಇನ್ನೂ ಬಿಗಿಯಿತು. ಇಷ್ಟು ವರ್ಷ ಈ ನೀರು ತನ್ನ ಮಾತು ಕೇಳಿತ್ತು, ಈಗ ಯಾರದೋ ನೀರಾಗಿತ್ತು. ತಿರುಗಿದ. ತಿರುಗುವಾಗ ಮೆಟ್ಟಿಲ ಬುಡದಲ್ಲಿ ಬೆರಳಿಗೆ ಅರಿವೆ ಕಟ್ಟಿದ ಒಂದು ಬಾಯಿ ಸಿಕ್ಕಿತು.

ಸಿಕ್ಕಿತು! ಆದರೆ ಪಡೆಯ ತಂಬಿಗೆಗೆ ಮೂತಿ ಎಲ್ಲಿಂದ ಬಂತು? ಇದಕ್ಕೆ ಉದ್ದನೆಯ ಮೂತಿಯಿತ್ತು. ಬುಡ್ಡೇಸಾಬನ ಮನೆಯ ತಾಮ್ರದ ಲೋಟಾ. ಹಬ್ಬಕ್ಕೆ ಊಟಕ್ಕೆ ಹೋದಾಗಲೆಲ್ಲ ಮೈಮುನಾಬಿ ಅದರಿಂದಲೇ ಕೈಗೆ ನೀರು ಹಾಕುತ್ತಿದ್ದಳು.

ಇನ್ನೊಂದು ಕೈಗೆ ಮತ್ತೊಂದು ತಗುಲಿತು. ಹಗುರಾದ ಅಲ್ಯೂಮಿನಿಯಂ, ಕತ್ತು ಒಂದು ಕಡೆಗೆ ಸೊಟ್ಟ. ಇದನ್ನು ಗುರುತಿಸಲು ಅವನಿಗೆ ಕೈಯೂ ಬೇಕಿರಲಿಲ್ಲ. ಊರಿಗೆ ಶೌಚಾಲಯ ಬರುವ ಮೊದಲು ಮೂವರೂ ಗೆಳೆಯರು ದಿನಾ ಬೆಳಿಗ್ಗೆ ಹೊಲದ ಕಡೆ ಹೋಗುವಾಗ ಅಂಬಪ್ಪನ ಕೈಯಲ್ಲಿ ತೂಗಾಡುತ್ತಿದ್ದ ಚರಿಗಿ! ತಾನು ಎಲ್ಲರೆದುರಿಗೆ ನಗೆಪಾಟಲು ಮಾಡಿ ದಂಡೆಗೆ ಕೂರಿಸಿದ ಅಂಬಪ್ಪ ತನ್ನ ಮಾನ ಉಳಿಸಲು ಮನೆಯಲ್ಲಿದ್ದ ಒಂದೇ ಒಂದು ಚರಿಗಿಗೆ ಮರಳು ತುಂಬಿ ತಂದಿದ್ದ.

ನೀರಿನೊಳಗೆ ನಗಬಾರದು. ಜಂಬಣ್ಣನ ಬಾಯಿಂದ ಗುಳ್ಳೆಗಳು ಹೊರಟವು.

ಮೂರನೆಯದು ಕೈಗೆ ಬಂದಾಗ ನಗೆ ನಿಂತಿತು. ಹಿತ್ತಾಳೆ. ಅಂಚಿನಲ್ಲಿ ಒಂದು ನೆಗ್ಗು. ಹೆಬ್ಬೆರಳು ತಾನಾಗಿಯೇ ಆ ನೆಗ್ಗಿನೊಳಗೆ ಹೋಗಿ ಕೂತಿತು.

ಕಸ್ತೂರೆಮ್ಮ ನೀರಿಗೆ ಇಳಿದಿದ್ದಳು. ಕತ್ತಲು ಹರಿಯುವ ಮೊದಲು, ಒಬ್ಬಳೇ, ಪಾಚಿಗಟ್ಟಿದ ಮೆಟ್ಟಿಲ ಮೇಲೆ, ಮೊಣಕಾಲಿನವರೆಗೆ.

ಯಾವುದಾದರೂ ಒಂದನ್ನು ಎತ್ತಿ ಹಿಡಿದು ಎದ್ದರೆ ಸಾಕಿತ್ತು. ಯಾವ ತಂಬಿಗೆಯೆಂದು ಕೇಳದೆ ಜನ ಸಿಳ್ಳೆ ಹಾಕುತ್ತಿದ್ದರು, ಈ ವರ್ಷವೂ ಬೆನ್ನ ಮೇಲಿನ ಅಕ್ಷರ ನಿಜವಾಗಿಯೇ ಉಳಿಯುತ್ತಿತ್ತು. ಆದರೆ ಮುಂದಿನ ಸಲ ಸೇತುವೆಯಿಂದ ಯಾರಾದರೂ ಬಿದ್ದಾಗ, ಅವರನ್ನು ಯಾರೂ ಮೊದಲೇ ಮೆಟ್ಟಿಲ ಬುಡದಲ್ಲಿ ತಂದಿಟ್ಟಿರುವುದಿಲ್ಲ. ಜಂಬಣ್ಣ ಹೆಬ್ಬೆರಳನ್ನು ನೆಗ್ಗಿನಿಂದ ಮೆಲ್ಲಗೆ ತೆಗೆದ. ಹಗ್ಗವನ್ನು ಎರಡು ಸಲ ಜಗ್ಗಿದ.

ಅಂಬಪ್ಪ ಎಳೆದುಕೊಂಡ. ಜಂಬಣ್ಣ ಬರಿಗೈಯಲ್ಲಿ ಎದ್ದು, ಮೆಟ್ಟಿಲ ಮೇಲೆ ಕೂತು, ಕೆಮ್ಮಿ, ಉಗುಳಿ, ಕೊನೆಗೆ ಎಲ್ಲರಿಗೂ ಕೇಳುವಂತೆ ಹೇಳಿದ: “ಸಿಗಲಿಲ್ಲ.”

ಬುಡ್ಡೇಸಾಬನಿಗೆ ತಡೆಯಲಾಗಲಿಲ್ಲ.

“ಅರೆ, ಹೆಂಗ ಸಿಗಲಿಲ್ಲ? ಮೆಟ್ಲ ಬಲಕ್ಕ ನೋಡಿದೇನು?”

“ಬಲಕ್ಕಲ್ಲ,” ಅಂಬಪ್ಪ ಹಗ್ಗ ಕೈಬಿಟ್ಟು ಎದ್ದ. “ನಟ್ಟನಡುವ ಐತಿ, ಕೊನೀ ಮೆಟ್ಟಲ ಕೆಳಗ, ಕಲ್ಲಿನ ಸಂದ್ಯಾಗ!”

ಹೆಂಗಸರ ಗುಂಪಿನಿಂದ, ಜೀವಮಾನದಲ್ಲಿ ಕಾಲುವೆಯ ಹತ್ತಿರ ಬಾಯಿ ಬಿಡದಿದ್ದ ಕಸ್ತೂರೆಮ್ಮನ ದನಿ ಕೇಳಿತು: “ಎಡಕ್ಕರೀ! ಎಡಕ್ಕ ಇಟ್ಟೀನಿ!”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಬುಡ್ಡೇಸಾಬ್ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಕಸ್ತೂರೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾತು ಹೊರಬಿದ್ದ ಮೇಲೆ ಮುಚ್ಚಿ ಏನು ಪ್ರಯೋಜನ?

ಜಂಬಣ್ಣ ಯಾರ ಕಡೆಗೂ ನೋಡದೆ ಸೊಂಟದ ಹಗ್ಗ ಬಿಚ್ಚತೊಡಗಿದ. ಒದ್ದೆ ಗಂಟು, ಬಿಚ್ಚಲು ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಬರುವ ಧೈರ್ಯ ಮಾಡಲಿಲ್ಲ. ಬಿಚ್ಚಿ, “ಬಾ ಯವ್ವಾ ಶಿವಗಂಗಾ” ಎಂದು ಕರೆದ. ಅವಳ ಸೊಂಟಕ್ಕೆ ಹಗ್ಗ ಸುತ್ತಿ ತಾನೇ ಗಂಟು ಹಾಕಿದ. ಎಳೆದು ನೋಡಿದ. ಮತ್ತೊಮ್ಮೆ ಎಳೆದು ನೋಡಿದ.

“ನಡೂಕ ಐತಿ. ಸೇತುವಿ ಎರಡನೇ ಕಂಬದ ಆಚೆ ಸೆಳವು ಭಾಳ ಐತಿ, ಅದರ ಎದುರು ಹೋಗಬ್ಯಾಡ, ಓರಿ ಹಾಯ್ದು ಹೋಗು. ಎದಿ ಹಿಡದಂಗಾದ್ರ ಶಾಣ್ಯಾತನ ಮಾಡಬ್ಯಾಡ, ಜಗ್ಗಿಬಿಡು. ನಾ ಹಿಡದೀನಿ.”

“ಹೂಂ ತಾತ.”

ಅವಳು ಮುಳುಗಿದಳು. ಹಗ್ಗ ಜಂಬಣ್ಣನ ಅಂಗೈಯಲ್ಲಿ ಜಾರುತ್ತ ಹೋಯಿತು. ಇಷ್ಟು ವರ್ಷ ಹಗ್ಗದ ಆ ತುದಿ ಮಾತ್ರ ಗೊತ್ತಿದ್ದವನಿಗೆ ಈ ತುದಿಯ ಸಂಕಟ ಇವತ್ತೇ ಗೊತ್ತಾದದ್ದು. ನೀರಿನೊಳಗೆ ಇರುವವನಿಗೆ ಮಾಡಲು ಕೆಲಸವಿರುತ್ತದೆ. ದಂಡೆಯವನಿಗೆ ಕೈಯಲ್ಲೊಂದು ಹಗ್ಗ, ಕಣ್ಣ ಮುಂದೆ ಕೆಂಪು ನೀರು, ಅಷ್ಟೇ. ಅಂಬಪ್ಪ ಇದನ್ನು ಇಷ್ಟು ವರ್ಷ ಹೇಗೆ ತಡೆದುಕೊಂಡನೋ.

“ಹಗ್ಗ ಹಿಂಗ ಹಿಡೀತಾರೇನಲೇ, ಎಮ್ಮಿ ಹಿಡದಂಗ?” ಅಂಬಪ್ಪ ಪಕ್ಕದಲ್ಲಿ ನಿಂತಿದ್ದ. “ಬಿಗಿ ಮಾಡಬ್ಯಾಡ, ಸಡಲೂ ಬಿಡಬ್ಯಾಡ. ಆಕಿ ಅದಾಳ ಅನ್ನೋದು ಬೆರಳಿಗೆ ಗೊತ್ತಾಗತಿರಬೇಕು. ಹಾಂ, ಹಂಗ.”

“ಉಸುರು ಭಾಳ ಹೊತ್ತಾತಲ್ಲೋ.”

“ಆಗಿಲ್ಲ. ದಂಡ್ಯಾಗ ಹಂಗ ಅನಸ್ತೈತಿ.” ಸ್ವಲ್ಪ ಬಿಟ್ಟು ಅಂಬಪ್ಪ ಕಲ್ಲಿನ ಮೇಲಿದ್ದ ಮಡಿಸಿದ ಟೀ ಶರ್ಟನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದ. “ಕುಂದ್ರು ಬಾ, ದೊಡ್ಡ ಮನಿಷ್ಯಾ. ಕಲ್ಲು ಬೆಚ್ಚಗೈತಿ.”

ಜಂಬಣ್ಣ ಕೂತ. ಹಿಂದೆ ಇದೇ ಮಾತಾಡಿ ತಾನು ನಕ್ಕಿದ್ದು ನೆನಪಾಗಿ, ಏನಾದರೂ ಹೇಳಬೇಕೆಂದು ಬಾಯಿ ತೆರೆದ. “ಚರಿಗಿ ತೊಳದಿದ್ದಿಲ್ಲೋ?” ಎಂದು ಮಾತ್ರ ಕೇಳಿದ.

ಅಂಬಪ್ಪ ದುರುಗುಟ್ಟಿ ನೋಡಿದ. “ಅಂದ್ರ ಸಿಕ್ಕಿತ್ತು ನಿನಗ!”

“ಮೂರೂ ಸಿಕ್ಕಿದ್ವು.”

ಅಂಬಪ್ಪನೂ ಬಂದು ಕಲ್ಲಿನ ಮೇಲೆ ಕೂತ, ಈ ಸಲ ಹಲ್ಲು ಕಾಣುವಂತೆ ನಕ್ಕ.

ಶಿವಗಂಗಾ ಪಡೆಯ ತಂಬಿಗೆ ಎತ್ತಿ ಹಿಡಿದು ಎದ್ದಳು. ಸಿಳ್ಳೆಗಳು ಬಿದ್ದವು. ಆಮೇಲೆ ಜಾಹೀದ್ ಇಳಿದು ತನ್ನ ಪಾಲಿನದನ್ನು ಮುಗಿಸಿದ. ಮೆಟ್ಟಿಲ ಹತ್ತಿರ ಕಾಲಿಗೆ ಏನೋ ತಗುಲಿ ಮತ್ತೆ ಮುಳುಗಿದವನು ಎದ್ದು ಕೂಗಿದ: “ತಾತಾ, ಇಲ್ಲಿ ಭಾಂಡಿ ಅಂಗಡಿನ ಐತಲ್ಲ!”

ಒಂದೊಂದಾಗಿ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟ. ತಾಮ್ರದ ಲೋಟಾ ನೋಡಿದ ಮೈಮುನಾಬಿ, “ಬೆಳಗಿನಿಂದ ಇದನ್ನ ಹುಡಕಾಕತ್ತೀನಿ, ನಿಮ್ಮ ಕೈಗೇನು ಹುಚ್ಚು ಹಿಡದೈತ್ರೀ?” ಎಂದು ಗಂಡನಿಗೆ ತಗುಲಿಕೊಂಡಳು. ಬುಡ್ಡೇಸಾಬ್ ಕಿವಿ ಕೇಳಿಸದವನಂತೆ ಆಕಾಶ ನೋಡಿದ. ಸೊಟ್ಟ ಕತ್ತಿನ ಚರಿಗಿ ಯಾರದೆಂದು ಜಾಹೀದ್ ಎರಡು ಸಲ ಕೂಗಿ ಕೇಳಿದರೂ ಯಾರೂ ಮುಂದೆ ಬರಲಿಲ್ಲ. ಹಿತ್ತಾಳೆಯ ತಂಬಿಗೆಯನ್ನು ಜಂಬಣ್ಣನೇ ಎದ್ದು ತಗೊಂಡು, ಮರಳು ಸುರುವಿ, ಟೀ ಶರ್ಟಿನಲ್ಲಿ ಒರೆಸಿ, ಅದರಲ್ಲೇ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಗೇಣುದ್ದದ ಅಕ್ಷರಗಳಿಗೆ ಕೆಸರು ಮೆತ್ತಿತು. ಅಧ್ಯಕ್ಷರು ಅದನ್ನು ಗಮನಿಸಲಿಲ್ಲ.

ಮನೆಗೆ ಮುಂಬಾಗಿಲಿನಿಂದ ಹೋಗದೆ ಹಿತ್ತಲಿನಿಂದ ಹೋದ. ಕಸ್ತೂರೆಮ್ಮ ಅವನಿಗಿಂತ ಮೊದಲೇ ಬಂದು ಹಂಡೆಯ ಕೆಳಗೆ ಉರಿ ಹಾಕಿದ್ದಳು. ಅವನು ತಂಬಿಗೆಯನ್ನು ಅವಳ ಕೈಗಿಟ್ಟು ಕಲ್ಲಿನ ಮೇಲೆ ಕೂತ. ಮೊದಲ ತಂಬಿಗೆ ನೀರು ತಲೆಯ ಮೇಲೆ ಬಿತ್ತು. ಇದು ಯಾವ ದಿನದ ಸ್ನಾನವೆಂದು ಇಬ್ಬರಿಗೂ ಗೊತ್ತಿತ್ತು.

“ಇವತ್ತೇನು, ಯಾರೂ ಸತ್ತಿಲ್ಲಲ್ಲ?” ಎಂದ ಜಂಬಣ್ಣ, ಕಣ್ಣು ಮುಚ್ಚಿಕೊಂಡೇ.

“ಇಲ್ಲ. ಒಬ್ಬರು ಮನೀಗೆ ಬಂದಾರ.”

ಎರಡನೆಯದು ಬಿತ್ತು. ಮೂರನೆಯದು ಬಿತ್ತು. ಬಿಸಿ ಹೆಚ್ಚಾಯಿತೆಂದು ಗೊಣಗಬೇಕೆನಿಸಿತು ಅವನಿಗೆ. ಗೊಣಗಿದರೆ ನಿಲ್ಲಿಸಿಬಿಟ್ಟಾಳೆಂದು ಸುಮ್ಮನೆ ಕೂತ.

“ಕಾಲುವಿ ಮೆಟ್ಟಲು ಪಾಚಿಗಟ್ಟೈತಿ,” ಎಂದ ಕೊನೆಗೆ. “ಇನ್ನೊಮ್ಮೆ ಒಬ್ಬಾಕಿನ ಇಳಿಬ್ಯಾಡ. ನನ್ನ ಕರಿ. ಹಗ್ಗ ಹಿಡೀತೀನಿ.”

ಕಸ್ತೂರೆಮ್ಮ ಮತ್ತೊಂದು ತಂಬಿಗೆ ಸುರಿದಳು. ಅವನು ಸಾಕು ಅನ್ನಲಿಲ್ಲ.